ದ್ವೀಪಗಳನ್ನು ಕಾಣಹೊರಟ ಬಯಲುನಾಡಿನ ಬಂಧುಗಳಿಗೆ

ಪರ್ವರಿ, ಗೋವಾ

ಧಾರವಾಡ, ಗದಗ, ಬಾಗಲಕೋಟೆ, ಕೊಪ್ಪಳ, ವಿಜಯಪುರ ಮೊದಲಾದ ಸೀಮೆಗಳಿಂದ ಕಡಲನ್ನೂ ಕಡಲ ನಡುವಣ ದ್ವೀಪಗಳನ್ನೂ ಕಾಣಬೇಕೆಂಬ ಹಂಬಲದಿಂದ ರಜೆ ಬಂದೊಡನೆ ಪಶ್ಚಿಮಾಭಿಮುಖರಾಗುವ ಸಮಸ್ತ ಬಂಧುಗಳಿಗೆ, ಮಾಂಡವಿಯ ಉತ್ತರ ದಂಡೆಯ ಮುರಕಲ್ಲಿನ ದಿನ್ನೆಯ ಮೇಲೆ ಮನೆಮಾಡಿಕೊಂಡಿರುವ ನಿಮ್ಮ ಕಡೆಯವನೊಬ್ಬನ ಸವಿನಯ ವಂದನೆಗಳು.

ನವರಾತ್ರಿ ಮುಗಿದು ಮಳೆಗಾಲದ ಕೊನೆಯ ಮೋಡಗಳು ಘಟ್ಟವನ್ನು ಹತ್ತಿ ಹೋದ ಮೇಲೆ ನನ್ನಂತಹ ಗೋವಾನಿವಾಸಿ ಕನ್ನಡಿಗರಿಗೆ ಊರ ಕಡೆಯಿಂದ ವಿಚಾರಣೆಗಳು ಬರತೊಡಗುತ್ತವೆ. ಚೋರ್ಲಾ ಘಾಟಿನ ರಸ್ತೆ ಸರಿಯಾಗಿದೆಯೆ, ಹೋಟೆಲಿನ ಬಾಡಿಗೆ ಎಷ್ಟು, ಶಾಕಾಹಾರ ದೊರೆಯುವುದೆ ಎಂಬಿವು ಮೊದಲು. ಅನಂತರ ಗಂಡಸರು ದನಿಯನ್ನು ತುಸು ತಗ್ಗಿಸಿ ಕೇಳುವ ಇನ್ನೊಂದು ಪದಾರ್ಥದ ಬೆಲೆ. ಕಟ್ಟಕಡೆಗೆ, ನಾಲ್ಕು ದಿವಸಗಳಲ್ಲಿ ಮಕ್ಕಳಿಗೆ ತೋರಿಸಬಹುದಾದ ಚೆಲುವಾದ ದ್ವೀಪ ಯಾವುದು, ಅಲ್ಲಿ ಪ್ರಾಣಿಪಕ್ಷಿಗಳು ಕಾಣಸಿಗುವುವೆ, ಎಂಬ ಪ್ರಶ್ನೆ. ನೀವು ಬರುವ ದಿನ ಯಾವ ತಿಥಿ ಎಂದು ನಾನು ಮರುಪ್ರಶ್ನೆ ಹಾಕಿದರೆ, ಈತನಿಗೆ ವಯಸ್ಸಾಯಿತು, ಪ್ರವಾಸಕ್ಕೂ ಮುಹೂರ್ತ ನೋಡುತ್ತಾನೆ, ಎಂದು ನಗುವವರೇ ಹೆಚ್ಚು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ವಿವರಿಸುವುದಕ್ಕಿಂತ ಎಲ್ಲರಿಗೂ ಒಂದೇ ಪತ್ರವನ್ನು ಬಹಿರಂಗವಾಗಿ ಬರೆಯುವುದು ಲೇಸೆಂದು ತೋರಿದುದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದುದು ಇಷ್ಟೆ: ದ್ವೀಪಯಾತ್ರೆಯ ದಿನಗಳನ್ನು ಕಚೇರಿಯ ರಜಾಪಟ್ಟಿಯಿಂದ ಗೊತ್ತುಮಾಡದೆ, ಸಾಧ್ಯವಾದಮಟ್ಟಿಗೆ ದ್ವೀಪದ ಪಂಚಾಂಗದಿಂದ ಗೊತ್ತುಮಾಡಿರಿ.

ಆ ಪಂಚಾಂಗದ ಮೊದಲನೆಯ ಅಂಗ ಋತು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ತನಕ ನೈರುತ್ಯ ಮಾರುತವು ಈ ಕರಾವಳಿಯ ಕಡಲನ್ನು ಕದಡಿ ಕೆಂಪಾಗಿಸಿರುವಾಗ ಮಲ್ಪೆಯ ಪ್ರವಾಸಿ ದೋಣಿಗಳು ದಡ ಬಿಡುವುದಿಲ್ಲ. ಮುರಗಾಂವದ ಹೊರಗಿರುವ ಗ್ರಾಂಡಿ ದ್ವೀಪಕ್ಕೂ ಮುರ್ಡೇಶ್ವರದ ನೇತ್ರಾಣಿಗೂ ಹೋಗುವ ಮಾರ್ಗವಿಲ್ಲ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಯೇ ನಿಷಿದ್ಧವಾಗಿರುತ್ತದೆ. ಆಗಸ್ಟಿನ ಸ್ವಾತಂತ್ರ್ಯೋತ್ಸವದ ಜೊತೆಗೆ ಒಂದು ಭಾನುವಾರ ಕೂಡಿಬಂದಿತೆಂದು ಬಸ್ಸು ಗೊತ್ತುಮಾಡಿಕೊಂಡು ಬರುವವರು ಹಸಿರನ್ನು ಯಥೇಚ್ಛವಾಗಿ ಕಂಡಾರು, ದ್ವೀಪವನ್ನು ಕಾಣರು. ನವೆಂಬರಿನಿಂದ ಫೆಬ್ರವರಿಯ ವರೆಗಿನ ಕಾಲವು ಯುಕ್ತವಾದುದು. ಮಾರ್ಚಿನ ಬಳಿಕ ಸೆಕೆ ಏರುವುದಲ್ಲದೆ ಚಳಿಗಾಲದ ವಲಸೆ ಹಕ್ಕಿಗಳೂ ಹಿಂದಿರುಗುತ್ತವೆ. ಗದಗ ಜಿಲ್ಲೆಯವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಯಾವ ತಿಂಗಳು ಬಂದಿಳಿಯುತ್ತವೆ, ಯಾವಾಗ ಎದ್ದು ಹೋಗುತ್ತವೆ ಎಂಬುದನ್ನು ಅಲ್ಲಿಯ ರೈತರು ಬಲ್ಲರು. ಅದೇ ಲೆಕ್ಕ ಇಲ್ಲಿಗೂ ಸಲ್ಲುತ್ತದೆ.

ಎರಡನೆಯ ಅಂಗವೇ ತಿಥಿ. ನಮ್ಮ ಬಯಲುಸೀಮೆಯಲ್ಲಿ ಕೆರೆಯ ನೀರು ವರ್ಷಕ್ಕೊಮ್ಮೆ ಏರಿ ವರ್ಷಕ್ಕೊಮ್ಮೆ ಇಳಿಯುತ್ತದೆ. ಇಲ್ಲಿ ಹೊಳೆಯ ನೀರು ದಿನಕ್ಕೆ ಎರಡು ಸಾರಿ ಏರಿ ಎರಡು ಸಾರಿ ಇಳಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಸೂರ್ಯಚಂದ್ರರ ಸೆಳೆತಗಳು ಒಂದುಗೂಡಿ ಉಬ್ಬರವು ಹೆಚ್ಚು, ಅದಕ್ಕೆ ತಕ್ಕಂತೆ ಇಳಿತವೂ ಹೆಚ್ಚು; ಅಷ್ಟಮಿಯ ಹೊತ್ತಿಗೆ ಅವೆರಡೂ ಪರಸ್ಪರ ಅಡ್ಡವಾಗಿ ಎಳೆಯುವುದರಿಂದ ನೀರಿನ ಏರಿಳಿತ ಅಲ್ಪ, ಸೆಳವು ಮಂದ, ತಳದ ಕೆಸರು ಏಳದ ಕಾರಣ ನೀರು ತಿಳಿಯಾಗಿರುವ ಸಂಭವವೂ ಅಧಿಕ. ಚಂದ್ರೋದಯದಂತೆಯೇ ಉಬ್ಬರವೂ ದಿನದಿನಕ್ಕೆ ಮುಕ್ಕಾಲು ತಾಸಿಗೆ ತುಸು ಹೆಚ್ಚಾಗಿ ತಡವಾಗುತ್ತದೆ. ಆದುದರಿಂದಲೇ ಕೊಂಕಣದ ಬೆಸ್ತರಲ್ಲಿ ಒಂದು ಹಳೆಯ ಲೆಕ್ಕವುಂಟು: ತಿಥಿಯ ಸಂಖ್ಯೆಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಬರುವುದೇ ತುಂಬು ಉಬ್ಬರದ ಗಂಟೆ. ಅಷ್ಟಮಿಗೆ ಆರು ಗಂಟೆ, ದ್ವಾದಶಿಗೆ ಒಂಬತ್ತು. ಇದು ಮುಂಬಯಿಯ ಕಡಲಿಗೆ ಒಪ್ಪುವ ಲೆಕ್ಕ. ಉಬ್ಬರದ ಅಲೆಯು ದಕ್ಷಿಣದಿಂದ ಉತ್ತರಕ್ಕೆ ಸಾಗುವುದರಿಂದ ಗೋವೆಯಲ್ಲಿ ಸುಮಾರು ಒಂದು ತಾಸು ಮುಂಚೆ ಎಂದಿಟ್ಟುಕೊಳ್ಳಬೇಕು. ಸರಕಾರವು ಪ್ರಕಟಿಸುವ ಕೋಷ್ಟಕವನ್ನು ನೋಡಿ ಸರಿಪಡಿಸಿಕೊಳ್ಳುವುದು ಅವಶ್ಯವಾದರೂ, ಗೋಡೆಗೆ ತೂಗುಹಾಕಿದ ಪಂಚಾಂಗವು ಕಡಲಿನ ವಿಷಯವನ್ನೂ ಹೇಳಬಲ್ಲುದು ಎಂಬುದು, ಏಕಾದಶಿಯನ್ನೂ ಸಂಕಷ್ಟಿಯನ್ನೂ ಮರೆಯದ ನಮ್ಮ ಮನೆಗಳಲ್ಲಿ ಇಷ್ಟು ಕಾಲ ಉಪಯೋಗಕ್ಕೆ ಬಾರದೆ ಉಳಿದುದು ಆಶ್ಚರ್ಯವೇ ಸರಿ.

ಇನ್ನು ದ್ವೀಪಗಳ ಮಾತಿಗೆ ಬರೋಣ. ನಮ್ಮ ಪರ್ವರಿಯನ್ನು ನೀವು ವಿಧಾನಸಭೆಯ ಕಟ್ಟಡದಿಂದಲೋ, ಮಾಂಡವಿಯ ಸೇತುವೆಯನ್ನು ಏರುವ ಮುನ್ನ ವಾಹನಗಳು ಸಾಲುಗಟ್ಟಿ ನಿಲ್ಲುವ ಹೆದ್ದಾರಿಯಿಂದಲೋ ಬಲ್ಲಿರಿ. ಆ ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ತಿರುಗಿ ಬ್ರಿಟೋನದ ದಂಡೆಗೆ ಇಳಿದರೆ, ಮಾಪುಸಾ ಹೊಳೆಯು ಮಾಂಡವಿಯನ್ನು ಕೂಡುವ ಎಡೆಯಲ್ಲಿ, ಆಚೆಯ ದಂಡೆಯ ಉದ್ದಕ್ಕೂ ನೀರಿನಿಂದಲೇ ಎದ್ದು ನಿಂತ ಹಸಿರು ಗೋಡೆಯೊಂದು ಕಾಣುತ್ತದೆ. ಅದೇ ಚೋಡಣ ದ್ವೀಪದ ಪಶ್ಚಿಮದ ತುದಿ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು 1987ರಲ್ಲಿ ತೀರಿಕೊಂಡ ಮರುವರ್ಷ ಅವರ ಹೆಸರಿನಲ್ಲಿ ಸ್ಥಾಪಿತವಾದ ಪಕ್ಷಿಧಾಮವು ಅಲ್ಲಿದೆ. ವಿಸ್ತಾರ ಎರಡು ಚದರ ಕಿಲೋಮೀಟರಿಗೂ ಕಡಿಮೆ. ಅಂಡಮಾನಿಗೆ ಹೋಗಿಬಂದ ಚಿತ್ರಗಳನ್ನು ನನಗೆ ತೋರಿಸಿದ ಪರ್ವರಿಯ ನೆರೆಹೊರೆಯವರಲ್ಲಿ ಎಷ್ಟೋ ಮಂದಿ ಈ ಹೊಳೆಯನ್ನು ದಾಟಿದವರಲ್ಲ. ದೂರದ ಬೆಟ್ಟ ನುಣ್ಣಗೆ ಎಂಬುದು ದ್ವೀಪಗಳಿಗೂ ಅನ್ವಯಿಸುತ್ತದೆಂದು ಕಾಣುತ್ತದೆ.

ರಿಬಂದರದಿಂದ ಫೆರ್ರಿಯನ್ನು ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಚೋಡಣದ ಕಟ್ಟೆಯಲ್ಲಿ ಇಳಿಯಬಹುದು. ಪಕ್ಷಿಧಾಮದ ಬಾಗಿಲು ಅಲ್ಲಿಂದ ನಡೆಯುವಷ್ಟೇ ದೂರ. ಒಳಗಿರುವುದು ಕಾಂಡ್ಲಾ ಕಾಡು. ಉಪ್ಪುನೀರು ಸೋಂಕಿದರೆ ಉಳಿದ ಮರಗಳೆಲ್ಲ ಬಾಡುವಲ್ಲಿ ಈ ಜಾತಿಯ ಗಿಡಗಳು ಕೆಸರಿನೊಳಗಿಂದ ಉಸಿರುಬೇರುಗಳನ್ನು ಮೇಲಕ್ಕೆ ಚಾಚಿ, ಕೆಲವು ತಮ್ಮ ಎಲೆಗಳಿಂದಲೇ ಉಪ್ಪನ್ನು ಹೊರಸೂಸಿ, ಇನ್ನು ಕೆಲವು ಬೀಜವನ್ನು ಕೆಸರಿಗೆ ನಂಬಿ ಬಿಡದೆ ಮರದ ಮೇಲೆಯೇ ಮೊಳೆಯಿಸಿ ಸಸಿಯಾದ ಬಳಿಕ ಕೆಳಕ್ಕೆ ಕಳುಹಿಸಿ, ನೆಲವೂ ಅಲ್ಲದ ನೀರೂ ಅಲ್ಲದ ಎಡೆಯಲ್ಲಿ ಸಂಸಾರ ನಡೆಸುತ್ತವೆ. ಇಳಿತದ ಹೊತ್ತಿಗೆ ಬರಿದಾಗುವ ಕೆಸರಿನ ಮೇಲೆ ಕುಪ್ಪಳಿಸುವ ಮೀನುಗಳು ನೀರಿನ ಹಂಗಿಲ್ಲದೆ ಓಡಾಡುತ್ತವೆ. ಒಂದು ಕೊಂಡಿ ಮಾತ್ರ ಮೈಗಿಂತ ದೊಡ್ಡದಾಗಿ ಬೆಳೆದ ಗಂಡು ಏಡಿಗಳು ಅದನ್ನು ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತವೆ. ಇವನ್ನು ಹೆಕ್ಕಲು ಬೆಳ್ಳಕ್ಕಿಗಳೂ ನಾನಾ ವರ್ಣದ ಮಿಂಚುಳ್ಳಿಗಳೂ ಉದ್ದಕೊಕ್ಕಿನ ವಲಸೆ ಹಕ್ಕಿಗಳೂ ಬಂದು ನೆರೆಯುತ್ತವೆ. ಪುಣ್ಯವಿದ್ದರೆ ನೀರುನಾಯಿಗಳ ಹಿಂಡೊಂದು ಕಾಲುವೆಯನ್ನು ದಾಟುವುದು ಕಾಣಿಸೀತು. ಮೊಸಳೆಯನ್ನೇ ನೋಡಬೇಕೆನ್ನುವ ಮಕ್ಕಳಿದ್ದರೆ ಮಾಂಡವಿಯನ್ನು ಜುವಾರಿಗೆ ಜೋಡಿಸುವ ಕುಂಬಾರಜುವೆಯ ಕಾಲುವೆಗೆ ಹೋಗಬಹುದು. ಸಿಹಿನೀರಿನದೆಂದು ನಾವು ತಿಳಿದ ಜಾತಿಯ ಮೊಸಳೆಯು ಅಲ್ಲಿ ಉಪ್ಪು ಬೆರೆತ ನೀರಿನಲ್ಲಿ ನೆಮ್ಮದಿಯಾಗಿದೆ.

ಇಲ್ಲಿಯೇ ತಿಥಿಯ ಲೆಕ್ಕ ಕೈಗೂಡಬೇಕಾದುದು. ಪಕ್ಷಿಧಾಮದ ಕಾಲುವೆಗಳಲ್ಲಿ ನೀರು ತಕ್ಕಷ್ಟಿದ್ದರೆ ಮಾತ್ರ ದೋಣಿ ಒಳಹೊಗುತ್ತದೆ. ಆದರೆ ನೀರು ತುಂಬಿರುವಾಗ ಹಕ್ಕಿಗಳಿಗೆ ಮೇವಿಲ್ಲ, ಅವು ಕೊಂಬೆಗಳಲ್ಲಿ ಮರೆಯಾಗಿ ಕುಳಿತಿರುತ್ತವೆ. ಪೂರ್ತಿ ಇಳಿತದಲ್ಲಿ ಹಕ್ಕಿಗಳೇನೋ ಹೇರಳ, ದೋಣಿ ಮಾತ್ರ ಕೆಸರಿನಲ್ಲಿ ಹೂತಿರುತ್ತದೆ. ಆದುದರಿಂದ ಉಬ್ಬರವು ಮುಂಜಾನೆಯಲ್ಲಿ ತುಂಬಿ, ಬಿಸಿಲೇರುವುದರೊಳಗೆ ನೀರು ಇಳಿಯತೊಡಗುವ ದಿನವನ್ನು ಹಿಡಿಯಬೇಕು; ಮೊದಲ ಕೆಸರುದಿಬ್ಬವು ಮೇಲೇಳುತ್ತಲೇ ಹಕ್ಕಿಗಳು ಇಳಿಯುವ ಆ ಒಂದು ತಾಸಿನ ಹೊತ್ತು ನೀವು ದೋಣಿಯಲ್ಲಿರಬೇಕು. ಮೇಲಿನ ಲೆಕ್ಕದ ಪ್ರಕಾರ ಇದು ಶುಕ್ಲಪಕ್ಷವಾಗಲಿ ಕೃಷ್ಣಪಕ್ಷವಾಗಲಿ ಏಕಾದಶಿ ದ್ವಾದಶಿಗಳ ಆಸುಪಾಸಿಗೆ ಬರುತ್ತದೆ. ಏಕಾದಶಿಯಂದು ಮೀನೂಟ ತಪ್ಪುವುದೆಂಬ ಕೊರತೆಯನ್ನು ಕೆಲವರು ಎತ್ತಿಯಾರು. ಅದಕ್ಕೆ ನನ್ನಲ್ಲಿ ಪರಿಹಾರವಿಲ್ಲ.

ಚೋಡಣದ ಉಳಿದ ಭಾಗವನ್ನು ನೋಡದೆ ಮರಳಬೇಡಿರಿ. ಉಪ್ಪುನೀರಿಗೆ ಏರಿ ಕಟ್ಟಿ, ತೂಬಿನ ಬಾಗಿಲನ್ನು ಉಬ್ಬರ ಇಳಿತಗಳಿಗೆ ತಕ್ಕಂತೆ ಮುಚ್ಚಿ ತೆರೆದು, ಮಳೆಗಾಲದಲ್ಲಿ ಭತ್ತವನ್ನೂ ಅನಂತರ ಸಿಗಡಿ ಮೀನುಗಳನ್ನೂ ಬೆಳೆಯುವ ಹೊಲಗಳಿಗೆ ಇಲ್ಲಿ ಖಾಜನ ಎನ್ನುತ್ತಾರೆ. ಕುಮಟೆಯ ಅಘನಾಶಿನಿಯ ದಂಡೆಯಲ್ಲಿ ಗಜನಿ ಎಂದು ಕರೆಯುವುದೂ ಇಂತಹ ನೆಲವನ್ನೇ. ಅಲ್ಲಿಯ ಕಗ್ಗ ಭತ್ತದಂತೆ ಇಲ್ಲಿಯ ಕೋರ್ಗುಟ್ ಭತ್ತವೂ ಉಪ್ಪನ್ನು ಸಹಿಸುತ್ತದೆ. ಕೆರೆಯ ತೂಬನ್ನು ಎತ್ತಿ ಇಳಿಸಿ ಬಲ್ಲ ನಮ್ಮ ಹಿರಿಯರಿಗೆ ಈ ವ್ಯವಸ್ಥೆಯ ಜಾಣ್ಮೆ ಯಾವ ಮಾರ್ಗದರ್ಶಿಯ ನೆರವಿಲ್ಲದೆ ಅರ್ಥವಾಗುತ್ತದೆ. ಹೀಗೆ ದ್ವೀಪವನ್ನು ಬಳಸಿ ಹರಿಯುವ ಮಾಂಡವಿಯು ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ, ನೀವು ಮಹದಾಯಿ ಎಂದು ಕರೆದು ದಶಕಗಳಿಂದ ನೀರಿಗಾಗಿ ಹೋರಾಡುತ್ತಿರುವ ನದಿಯೇ ಆಗಿದೆ. ಆ ವಿವಾದವನ್ನು ರಜೆಯ ಪತ್ರದಲ್ಲಿ ಎತ್ತಿಕೊಳ್ಳುವುದು ಸಲ್ಲದು. ಆದರೂ ನೀರು ಇಳಿಯುವ ಹೊತ್ತಿನಲ್ಲಿ ಫೆರ್ರಿಯ ಅಂಚಿಗೆ ನಿಂತು ಅದು ಕಡಲಿಗೆ ಸೇರುವುದನ್ನು ಒಮ್ಮೆ ನೋಡಿರಿ, ನವಲಗುಂದ ನರಗುಂದಗಳವರು ವಿಶೇಷವಾಗಿ ನೋಡಿರಿ.

ಚೋಡಣದ ಮಗ್ಗುಲಿಗಿರುವ ದಿವಾಡಿ ದ್ವೀಪದಲ್ಲಿ ಕಾಡುಮೃಗಗಳ ಆಕರ್ಷಣೆಯಿಲ್ಲ. ಆದರೆ ಕನ್ನಡಿಗರಿಗೆ ಅಲ್ಲಿ ಬೇರೊಂದು ಕೆಲಸವುಂಟು. ಗೋವೆಯ ಕದಂಬರ ಕುಲದೈವವಾದ ಸಪ್ತಕೋಟೀಶ್ವರನ ಮೂಲಸ್ಥಾನ ಅದು. ಆ ದೇವರಿಂದ ವರವನ್ನು ಪಡೆದವರೆಂಬ ಬಿರುದನ್ನು ಕದಂಬ ಅರಸರು ತಮ್ಮ ಹೊನ್ನ ನಾಣ್ಯಗಳ ಮೇಲೆ ಅಚ್ಚೊತ್ತಿಸಿಕೊಂಡಿದ್ದರು. ಬಹಮನಿಯರ ಕಾಲದಲ್ಲಿ ಹಾಳಾದ ಗುಡಿಯನ್ನು ವಿಜಯನಗರದ ಮಾಧವಮಂತ್ರಿಯು ಮತ್ತೆ ಎತ್ತಿಸಿದನು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರು ಅದನ್ನು ಕೆಡವಿದ ಮೇಲೆ ಲಿಂಗವು ಹೊಳೆಯನ್ನು ದಾಟಿ ಆಚೆಯ ನಾರ್ವೆ ಎಂಬ ಹಳ್ಳಿಗೆ ಹೋಯಿತು, ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಿದರು. ಕಿತ್ತೂರಿನ ಸಮೀಪದ ದೇಗಾಂವದಲ್ಲಿ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದ ರಾಣಿ ಕಮಲಾದೇವಿಯು ಇದೇ ಮನೆತನದ ಶಿವಚಿತ್ತ ಪೆರ್ಮಾಡಿಯ ಪತ್ನಿ. ದಾರಿಯಲ್ಲಿ ದೇಗಾಂವವನ್ನು ಕಂಡು, ದಿವಾಡಿಯನ್ನು ಸುತ್ತಿ, ಫೆರ್ರಿಯಲ್ಲಿ ನಾರ್ವೆಗೆ ದಾಟುವವರಿಗೆ ಘಟ್ಟದ ಮೇಲಿನ ಮತ್ತು ಕೆಳಗಿನ ಸೀಮೆಗಳು ಒಂದೇ ಅರಸೊತ್ತಿಗೆಯ ಎರಡು ಅಂಗಳಗಳಾಗಿದ್ದುದು ಕಾಲಿಗೇ ತಿಳಿಯುತ್ತದೆ.

ಬಿಳಿಯ ಮರಳು ಬೇಕು, ತೆಂಗು ಬೇಕು, ಆದರೆ ಗೋವೆಯ ಗದ್ದಲ ಬೇಡವೆನ್ನುವವರು ಮಲ್ಪೆಗೆ ಹೋಗಿ ಅಲ್ಲಿಂದ ಆರು ಕಿಲೋಮೀಟರು ದೂರದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಹತ್ತಬಹುದು. ಮರಳಿಗಿಂತ ಅಲ್ಲಿಯ ಕಲ್ಲೇ ನೋಡತಕ್ಕದ್ದು: ಬಡಗಿಯು ಪಟ್ಟೆ ಹೊಡೆದು ನಿಲ್ಲಿಸಿದಂತೆ ಐದಾರು ಮುಖಗಳ ಕಂಬಗಳು ಒತ್ತೊತ್ತಾಗಿ ನಿಂತಿವೆ. ಮಡಗಾಸ್ಕರವು ಭಾರತದಿಂದ ಬಿಟ್ಟು ಹೋದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿ ಆರಿದ ಲಾವಾರಸವದು. ವಿಜಯಪುರದ ಕಡೆಯ ಎರೆಭೂಮಿಗೆ ತಾಯಿಯಾದ ದಖ್ಖನದ ಕರಿಗಲ್ಲು ಇದಕ್ಕಿಂತ ಎರಡು ಕೋಟಿ ವರ್ಷಗಳಷ್ಟು ಕಿರಿಯದು.

ಕೆಲವು ದ್ವೀಪಗಳನ್ನು ದೂರದಿಂದಲೇ ನೋಡಬೇಕು. ಕಾರವಾರದ ಎದುರಿಗಿದ್ದೂ ಗೋವೆಗೆ ಸೇರಿದ ಅಂಜದೀವವನ್ನು 1961ರ ಡಿಸೆಂಬರಿನಲ್ಲಿ ಪೋರ್ತುಗೀಜರಿಂದ ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣತೆತ್ತರು. ಈಗ ಅದು ನೌಕಾನೆಲೆಯ ಭಾಗವಾಗಿರುವುದರಿಂದ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿಯ ಸುತ್ತ ಹವಳವೂ ಬಣ್ಣದ ಮೀನುಗಳೂ ಇವೆ, ಬಿಳಿಹೊಟ್ಟೆಯ ಕಡಲಹದ್ದುಗಳು ಅಲ್ಲಿ ಗೂಡುಕಟ್ಟುತ್ತವೆ. ಅದರ ಮಗ್ಗುಲಲ್ಲಿ ನೀರಿಗೆ ಧುಮುಕುವವರು ಕೂಡ ದಡವನ್ನು ಏರುವುದಿಲ್ಲ. ನೌಕಾಪಡೆಯು ಆ ದ್ವೀಪವನ್ನು ಗುರಿಯಭ್ಯಾಸಕ್ಕೆ ಬಳಸಿದುದು ನನಗೆ ಸಮ್ಮತವಲ್ಲ. ಪ್ರವಾಸಿಗಳು ಅಲ್ಲಿ ಕಾಲಿಡದಿರುವುದು ಮಾತ್ರ ಸಮ್ಮತವೇ. ದೋಣಿಯವನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟು ಹತ್ತಿಸು ಎಂದು ಪೀಡಿಸುವ ಅಭ್ಯಾಸ ನಮ್ಮವರಲ್ಲಿ ಇರುವುದರಿಂದ ಇದನ್ನು ಬರೆಯಬೇಕಾಯಿತು.

ಅಂತೆಯೇ ಡಾಲ್ಫಿನ್ನಿನ ಮಾತು. ಮಾಂಡವಿಯ ಮುಖದಲ್ಲಿ ಗೂನುಬೆನ್ನಿನ ಡಾಲ್ಫಿನ್ನುಗಳು ವಾಸಿಸುತ್ತವೆ. ಕಾಣದಿದ್ದರೆ ಹಣ ವಾಪಸು ಎಂದು ಕೂಗುವ ದೋಣಿಯನ್ನು ಏರಿದರೆ, ಹಣವನ್ನು ಉಳಿಸಿಕೊಳ್ಳಲು ದೋಣಿಯವನು ಯಂತ್ರವನ್ನು ಬೊಬ್ಬಿರಿಸುತ್ತ ಅವುಗಳ ಬೆನ್ನಟ್ಟಲೇಬೇಕಾಗುತ್ತದೆ. ಆ ಪಂಥವನ್ನು ಕಟ್ಟದ, ಯಂತ್ರವನ್ನು ನಿಲ್ಲಿಸಿ ಕಾಯಲು ಒಪ್ಪುವ ದೋಣಿಯವನನ್ನು ಹುಡುಕಿರಿ. ಮೊರಜಿ, ಮಾಂದ್ರೆ, ಆಗೋಂದ, ಗಾಲಜೀಬಾಗ ಎಂಬ ನಾಲ್ಕು ತೀರಗಳಿಗೆ ನವೆಂಬರಿನ ಬಳಿಕ ಕಡಲಾಮೆಗಳು ರಾತ್ರಿಯಲ್ಲಿ ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾಯುವ ಆ ಮೊಟ್ಟೆಗಳು ಒಡೆಯಲು ಒಂದೂವರೆ ಎರಡು ತಿಂಗಳು ಬೇಕು. ಮರಳಿನ ಬಿಸುಪು ಹೆಚ್ಚಾದರೆ ಹೆಣ್ಣುಮರಿಗಳೂ ಕಡಿಮೆಯಾದರೆ ಗಂಡುಮರಿಗಳೂ ಹೆಚ್ಚುತ್ತವೆ. ಹೊರಬಂದ ಮರಿಯು ಕಡಲಿನ ಮೇಲಣ ಬೆಳಕನ್ನೇ ಗುರುತು ಹಿಡಿದು ನಡೆಯುವುದರಿಂದ, ದಂಡೆಯ ಮೇಲೆ ನೀವು ಬೆಳಗಿಸಿದ ದೀಪವು ಅದನ್ನು ದಾರಿ ತಪ್ಪಿಸಿ ಕೊಲ್ಲಬಲ್ಲುದು. ರಾತ್ರಿಯ ಹೊತ್ತು ಆ ಮರಳಿನ ಮೇಲೆ ಮೊಬೈಲಿನ ದೀಪವನ್ನು ಹಿಡಿದು ಸುತ್ತಬೇಡಿರಿ. ಆಮೆ ಕಾಣದಿದ್ದರೆ ಕಾಣದೆಯೇ ಹಿಂದಿರುಗಿರಿ.

ಈಗ ಕಹಿಯಾದ ಮಾತೊಂದನ್ನು ಆಡಲೇಬೇಕು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ ಹದಿನೈದಕ್ಕೂ ಹೆಚ್ಚು ಜನ ತೀರಿಕೊಂಡರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ತೀರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರನ್ನು ಅಲೆ ಒಯ್ದಿತು. ಬಯಲಿನಲ್ಲಿ ಬೆಳೆದ ನಾವು ಬಾವಿಯಲ್ಲಿ ಈಜಿದ್ದನ್ನೇ ಈಜೆಂದು ನಂಬಿ, ಮೊಣಕಾಲುದ್ದದ ನೀರಿನಲ್ಲಿ ಭಯವಿಲ್ಲವೆಂದು ತಿಳಿಯುತ್ತೇವೆ. ಅಲೆ ಹಿಂದಿರುಗುವಾಗ ಕಾಲಡಿಯ ಮರಳೇ ಜಾರುವುದೆಂಬುದು ನಮಗೆ ತಿಳಿಯದು. ದೋಣಿಯಲ್ಲಿ ಜನ ತುಂಬಿದ್ದರೆ ಎಷ್ಟೇ ದೂರದಿಂದ ಬಂದವರಾದರೂ ಇಳಿದುಬಿಡಿರಿ. ಜೀವರಕ್ಷಕ ಜಾಕೀಟನ್ನು ಎಣಿಸಿ ತೆಗೆದುಕೊಳ್ಳಿರಿ, ಮಕ್ಕಳ ಅಳತೆಯದು ಇಲ್ಲವಾದರೆ ಮಕ್ಕಳು ದಂಡೆಯಲ್ಲಿಯೇ ಇರಲಿ. ತೀರದಲ್ಲಿ ಕೆಂಪು ಬಾವುಟವಿರುವಲ್ಲಿ ನೀರಿಗಿಳಿಯಬಾರದು. ತೀರದ ಕಾವಲಿನವರೊಡನೆ ವಾದಿಸುವುದು ನಮ್ಮ ಗೌರವಕ್ಕೂ ತಕ್ಕುದಲ್ಲ.

ರಜೆಯೂ ಹಣವೂ ಹೆಚ್ಚಿರುವವರು ಲಕ್ಷದ್ವೀಪ ಅಂಡಮಾನುಗಳನ್ನು ಯೋಚಿಸುವುದರಲ್ಲಿ ದೋಷವಿಲ್ಲ. ಲಕ್ಷದ್ವೀಪಕ್ಕೆ ಮೊದಲೇ ಅನುಮತಿಪತ್ರವನ್ನು ಪಡೆಯಬೇಕು. ಆ ಸಮೂಹದ ಅಮಿನ್‌ದೀವಿ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವೆಂಬುದನ್ನೂ, ಅಲ್ಲಿಯವರು ತೆಂಗಿನ ನಾರನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರೆಂಬುದನ್ನೂ ತಿಳಿದುಕೊಂಡು ಹೋದರೆ ಪರಸ್ಥಳವೆನಿಸುವುದಿಲ್ಲ. ಅಂಡಮಾನಿನಲ್ಲಿ ವಂಡೂರಿನ ಕಡಲೊಳಗಣ ರಾಷ್ಟ್ರೀಯ ಉದ್ಯಾನವು 1983ರಿಂದ ಇದೆ. ಅದರ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ಎಂಬೆರಡು ದ್ವೀಪಗಳನ್ನು ಒಟ್ಟಿಗೆ ತೆರೆಯದೆ, ಒಂದಕ್ಕೆ ಜನ ಹೋಗುವಾಗ ಇನ್ನೊಂದಕ್ಕೆ ವಿಶ್ರಾಂತಿ ಕೊಡುತ್ತಾರೆ. ಪ್ಲಾಸ್ಟಿಕ್ಕಿಗೆ ಅಲ್ಲಿ ಪ್ರವೇಶವಿಲ್ಲ. ಚಿತ್ರದಲ್ಲಿ ನೋಡಿದ ದ್ವೀಪವೇ ಬೇಕೆಂದು ಹಟ ಹಿಡಿಯದೆ, ನೀವು ಹೋಗುವ ತಿಂಗಳಿಗೆ ಯಾವುದು ತೆರೆದಿರುತ್ತದೆಂಬುದನ್ನು ವಿಚಾರಿಸಿದ ಬಳಿಕವೇ ವಿಮಾನದ ಟಿಕೆಟನ್ನು ತೆಗೆಸಿರಿ.

ನಾಲ್ಕೇ ದಿವಸಗಳ ರಜೆಯವರಿಗೆ ನನ್ನ ಸೂಚನೆ ಹೀಗಿದೆ. ಮಾರ್ಗಶಿರದಲ್ಲಿಯೋ ಪುಷ್ಯದಲ್ಲಿಯೋ ಯಾವುದಾದರೊಂದು ಪಕ್ಷದ ನವಮಿಯ ದಿನ ಗೋವೆಗೆ ಬಂದಿಳಿಯಿರಿ; ಡಿಸೆಂಬರಿನ ಕೊನೆಯ ವಾರ ಮಾತ್ರ ಬೇಡ, ಆಗ ಇಲ್ಲಿಯವರಾದ ನಮಗೇ ಸೇತುವೆ ದಾಟಲು ಬಿಡುವಿರುವುದಿಲ್ಲ. ಸೆಳವು ಮಂದವಾಗಿ ನೀರು ತಿಳಿಯಾಗಿರುವ ದಶಮಿಯಂದು ಗ್ರಾಂಡಿ ದ್ವೀಪದ ಸುತ್ತ ನೀರಿನೊಳಗಣ ಮೀನುಗಳನ್ನು ನೋಡಿರಿ. ಏಕಾದಶಿಯ ದಿನ ದಿವಾಡಿ ಮತ್ತು ನಾರ್ವೆ. ದ್ವಾದಶಿಯ ಮುಂಜಾನೆ ಚೋಡಣ. ಆರೂವರೆಯೊಳಗೆ ರಿಬಂದರದ ಕಟ್ಟೆಯಲ್ಲಿರಬೇಕು, ದೋಣಿಯವನೊಡನೆ ಹಿಂದಿನ ದಿನವೇ ಮಾತಾಡಿಟ್ಟಿರಬೇಕು, ದುರ್ಬೀನು ಇದ್ದವರು ಮರೆಯದೆ ತರಬೇಕು, ಕೆಂಪು ಹಳದಿಯ ಅಂಗಿಗಳನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು ಬರಬೇಕು. ಬುತ್ತಿಗೆ ರೊಟ್ಟಿ ಶೇಂಗಾಚಟ್ನಿಗಳಿದ್ದರೆ ಸಾಕು, ಕಟ್ಟಿ ತಂದ ಕಾಗದವನ್ನು ಮಾತ್ರ ಹಿಂದಕ್ಕೆ ಒಯ್ಯಿರಿ. ಮುಂದೆ ನನ್ನನ್ನು ವಿಚಾರಿಸುವವರು ತಾರೀಖಿನ ಜೊತೆಗೆ ತಿಥಿಯನ್ನೂ ಬರೆದು ಕಳುಹಿಸಿದರೆ, ಉಬ್ಬರದ ಗಂಟೆಯನ್ನು ಕೋಷ್ಟಕದಲ್ಲಿ ನೋಡಿ ತಿಳಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಪರ್ವರಿಯ ಕನ್ನಡಿಗ